ಮಳಖೇಡದ ಮಹಾವೀರಾಚಾರ್ಯರು ಮತ್ತು ನಮ್ಮ ಮಕ್ಕಳ ಲ.ಸಾ.ಅ.



ಇಂಥ ವಾರ್ಷಿಕ ಸಂಚಿಕೆಗಳಲ್ಲಿ ತಾವು ಅಲ್-ಖ್ವಾರಿಜ್ಮಿ, ಇಬ್ನ್ ಸೀನಾ, ಸರ್ ಸಯ್ಯದ್ ಅಹಮದ್ ಖಾನ್, ಮೌಲಾನಾ ಆಜಾದ್ ಮುಂತಾದ ಮಹನೀಯರ ಜೀವನ ಚರಿತ್ರೆಯನ್ನು ಅನೇಕ ಸಲ ಓದಿದ್ದೀರಿ. ಈ ಸಲ ನಾನು ಪರಿಚಯಿಸಲು ಹೊರಟವರು ಬಾಗ್ದಾದಿನವರಲ್ಲ, ಬುಖಾರಾದವರಲ್ಲ, ಅಲಿಗಢದವರೂ ಅಲ್ಲ. ಸುಮಾರು 1,170 ವರ್ಷಗಳ ಹಿಂದೆ, ನಮ್ಮ ಮಳಖೇಡದಿಂದ ಆಳುತ್ತಿದ್ದ ರಾಷ್ಟ್ರಕೂಟ ದೊರೆಯ ಆಶ್ರಯದಲ್ಲಿ ಗಣಿತ ಬರೆದ ಒಬ್ಬ ಜೈನ ವಿದ್ವಾಂಸರು ಅವರು. ಹೆಸರು ಮಹಾವೀರಾಚಾರ್ಯ. ಜೈನರ 24ನೇ ತೀರ್ಥಂಕರರಾದ ಭಗವಾನ್ ಮಹಾವೀರರೇ ಬೇರೆ, ಇವರೇ ಬೇರೆ. ಇಬ್ಬರ ನಡುವೆ ಸಾವಿರಕ್ಕೂ ಹೆಚ್ಚು ವರ್ಷಗಳ ಅಂತರವಿದೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಈ ಗೊಂದಲ ಸ್ಟಾಫ್ ರೂಮಿನಲ್ಲೇ ನನಗೆ ಎದುರಾಗಿದೆ.

ನಾನು ಗಣಿತದ ಶಿಕ್ಷಕನಲ್ಲ, ಉರ್ದು ಮತ್ತು ಕನ್ನಡ ಕಲಿಸುವವನು. ಇವರ ಬೆನ್ನು ಹತ್ತಿದ್ದು ಒಂದು ಶಬ್ದದ ದೆಸೆಯಿಂದ. ಆ ಕಥೆ ಹೀಗಿದೆ. ಒಮ್ಮೆ ಗಣಿತದ ಮೇಷ್ಟ್ರು ರಜೆಯಲ್ಲಿದ್ದಾಗ ಹತ್ತನೇ ತರಗತಿಯ ಪಿರಿಯಡ್ ನನ್ನ ಪಾಲಿಗೆ ಬಂತು. ಸುಮ್ಮನೆ ಕೂರಿಸುವ ಬದಲು 6 ಮತ್ತು 8ರ ಲ.ಸಾ.ಅ. ಕೇಳಿದೆ. ಮಂಡಕ್ಕಿ ಭಟ್ಟಿಗಳ ಕಡೆಯಿಂದ ಬರುವ ಒಬ್ಬ ಹುಡುಗ ಎದ್ದು ನಿಂತು ತಲೆ ತಗ್ಗಿಸಿದ. ಕನ್ನಡದಲ್ಲಿ ಲಘುತಮ ಸಾಮಾನ್ಯ ಅಪವರ್ತ್ಯ ಎಂದೆ. ಉರ್ದುವಿನಲ್ಲಿ ಜೂ-ಅಜ್ಆಫ್-ಎ-ಅಕಲ್ ಎಂದೆ. ಇಂಗ್ಲಿಷಿನ ಎಲ್.ಸಿ.ಎಂ. ಕೂಡ ಹೇಳಿದೆ. ಮೂರಕ್ಕೂ ಮೌನವೇ ಉತ್ತರ. ಅವನ ಅಣ್ಣ ಮದ್ರಸಾದಲ್ಲಿ ಆಲಿಂ ಕೋರ್ಸ್ ಓದುತ್ತಿದ್ದುದು ನನಗೆ ಗೊತ್ತಿತ್ತು. ಏನೋ ಹೊಳೆದು, ಒಬ್ಬ ವ್ಯಕ್ತಿ ತೀರಿಕೊಂಡು ಹೆಂಡತಿ, ತಾಯಿ ಮತ್ತು ಒಬ್ಬ ಮಗನನ್ನು ಬಿಟ್ಟು ಹೋದರೆ ಆಸ್ತಿಯನ್ನು ಎಷ್ಟು ಪಾಲು ಮಾಡಬೇಕು ಎಂದು ಕೇಳಿದೆ. ಇಪ್ಪತ್ತನಾಲ್ಕು, ಹೆಂಡತಿಗೆ ಮೂರು, ತಾಯಿಗೆ ನಾಲ್ಕು, ಉಳಿದ ಹದಿನೇಳು ಮಗನಿಗೆ ಎಂದು ತಡವರಿಸದೆ ಹೇಳಿದ. ಅಣ್ಣ ಪಾಠ ಗಟ್ಟಿ ಮಾಡುವಾಗ ಕೇಳಿ ಕೇಳಿ ಕಲಿತದ್ದಂತೆ. ಹೆಂಡತಿಯದು ಎಂಟನೇ ಒಂದು, ತಾಯಿಯದು ಆರನೇ ಒಂದು. 6 ಮತ್ತು 8ರ ಲ.ಸಾ.ಅ. ತಾನೇ ಹೇಳಿದ 24 ಎಂಬುದು ಆ ಹುಡುಗನಿಗೆ ತಿಳಿದಿರಲಿಲ್ಲ. ಯಾರೂ ಅವನಿಗೆ ಹೇಳಿರಲಿಲ್ಲ.

ಆ ದಿನದಿಂದ ಈ ಲ.ಸಾ.ಅ.ದ ಮೂಲವನ್ನು ಹುಡುಕತೊಡಗಿದೆ. ಹುಡುಕುತ್ತಾ ಹೋದವನು ಮಳಖೇಡಕ್ಕೆ ಬಂದು ನಿಂತೆ.

ಮಳಖೇಡ ಇಂದು ಕಲಬುರಗಿ ಜಿಲ್ಲೆಯ ಸೇಡಂ ತಾಲ್ಲೂಕಿನಲ್ಲಿ ಕಾಗಿಣಾ ನದಿಯ ದಂಡೆಯ ಮೇಲಿರುವ ಊರು. ಹೆಸರು ಹೇಳಿದರೆ ಅನೇಕರಿಗೆ ಸಿಮೆಂಟ್ ಕಾರ್ಖಾನೆ ನೆನಪಾಗುತ್ತದೆ. ಒಂಬತ್ತನೇ ಶತಮಾನದಲ್ಲಿ ಅದು ಮಾನ್ಯಖೇಟ, ರಾಷ್ಟ್ರಕೂಟರ ರಾಜಧಾನಿ. 814ರಲ್ಲಿ ಪಟ್ಟಕ್ಕೆ ಬಂದ ಅಮೋಘವರ್ಷ ನೃಪತುಂಗ 878ರವರೆಗೆ, ಅಂದರೆ 64 ವರ್ಷ ಆಳಿದ. ಪಟ್ಟಕ್ಕೆ ಬಂದಾಗ ಅವನಿನ್ನೂ ಬಾಲಕ. ಕನ್ನಡದಲ್ಲಿ ನಮಗೆ ಸಿಕ್ಕಿರುವ ಮೊದಲ ಗ್ರಂಥವಾದ ಕವಿರಾಜಮಾರ್ಗ ಹುಟ್ಟಿದ್ದು ಅವನ ಆಸ್ಥಾನದಲ್ಲೇ. ಜೈನ ಆಚಾರ್ಯ ಜಿನಸೇನರು ಅವನ ಗುರುಗಳು. ಜಿನಸೇನರ ಗುರುಗಳಾದ ವೀರಸೇನರು 816ರಲ್ಲಿ ಮುಗಿಸಿದ ಧವಲಾ ಎಂಬ ವ್ಯಾಖ್ಯಾನದಲ್ಲಿ ಒಂದು ಸಂಖ್ಯೆಯನ್ನು ಎಷ್ಟು ಸಲ ಅರ್ಧ ಮಾಡಬಹುದು ಎಂಬ ಲೆಕ್ಕವೂ ಬರುತ್ತದೆ. ಜೈನ ವಿದ್ವಾಂಸರಿಗೆ ಧರ್ಮಶಾಸ್ತ್ರದ ಜೊತೆಗೇ ಗಣಿತ ಓದುವುದು ವಾಡಿಕೆಯಾಗಿತ್ತು. ಮಹಾವೀರಾಚಾರ್ಯರು ಬೆಳೆದದ್ದು ಈ ಪರಂಪರೆಯಲ್ಲಿ.

ಇದೇ ಕಾಲಕ್ಕೆ ಬಾಗ್ದಾದಿನಲ್ಲಿ ಏನು ನಡೆಯುತ್ತಿತ್ತು ಎಂಬುದನ್ನು ಪಕ್ಕದಲ್ಲಿಟ್ಟು ನೋಡಿ. ಅಮೋಘವರ್ಷ ಪಟ್ಟವೇರುವುದಕ್ಕೆ ಒಂದು ವರ್ಷ ಮೊದಲು, 813ರಲ್ಲಿ, ಮಾಮೂನ್ ಖಲೀಫರಾದರು. ಅವರ ಆಶ್ರಯದಲ್ಲಿದ್ದ ಅಲ್-ಖ್ವಾರಿಜ್ಮಿ 820ರ ಸುಮಾರಿಗೆ ಬೀಜಗಣಿತದ ಗ್ರಂಥ ಬರೆದರು. ಆ ಗ್ರಂಥದ ದೊಡ್ಡ ಭಾಗವೊಂದು ವಾರಸು ಹಂಚಿಕೆಯ ಲೆಕ್ಕಗಳಿಗೇ ಮೀಸಲು. ಭಾರತದ ಅಂಕಿಗಳ ಬಗ್ಗೆಯೂ ಅವರು ಪ್ರತ್ಯೇಕ ಪುಸ್ತಕ ಬರೆದರು. 851ರ ಅರಬ್ಬಿ ಪ್ರವಾಸ ಕಥನವೊಂದು, ಸುಲೈಮಾನ್ ಎಂಬ ವರ್ತಕನ ಹೆಸರಿನಲ್ಲಿ ಪ್ರಸಿದ್ಧವಾದದ್ದು, ಬಲ್ಹರಾ ಎಂಬ ಭಾರತದ ದೊಡ್ಡ ರಾಜನನ್ನು ವರ್ಣಿಸಿ ಅವನಿಗೆ ಅರಬರ ಮೇಲೆ ಬಹಳ ಪ್ರೀತಿ ಎಂದು ತಿಳಿಸುತ್ತದೆ. ಬಲ್ಹರಾ ಎಂದರೆ ವಲ್ಲಭರಾಜ, ರಾಷ್ಟ್ರಕೂಟ ದೊರೆಗಳ ಬಿರುದು. ಮುಂದಿನ ಶತಮಾನದ ಅಲ್-ಮಸೂದಿ ಅವರ ರಾಜಧಾನಿಯನ್ನು ಮಾಂಕೀರ್ ಎಂದು ಕರೆದರು. ಅದೇ ನಮ್ಮ ಮಾನ್ಯಖೇಟ. ಮಹಾವೀರಾಚಾರ್ಯರೂ ಅಲ್-ಖ್ವಾರಿಜ್ಮಿಯವರೂ ಒಬ್ಬರನ್ನೊಬ್ಬರು ಓದಿದರೆಂದು ನಾನು ಹೇಳುತ್ತಿಲ್ಲ. ಒಂದೇ ಕಾಲದಲ್ಲಿ, ವ್ಯಾಪಾರದ ಹಡಗುಗಳು ಓಡಾಡುತ್ತಿದ್ದ ಎರಡು ದೇಶಗಳಲ್ಲಿ ಇಬ್ಬರೂ ಇದ್ದರು, ಅಷ್ಟೇ.

ಮಹಾವೀರಾಚಾರ್ಯರು ತಮ್ಮ ತಂದೆ ತಾಯಿ, ಊರು, ವಯಸ್ಸು ಯಾವುದನ್ನೂ ಬರೆದಿಡಲಿಲ್ಲ. 850ರ ಸುಮಾರಿಗೆ ಸಂಸ್ಕೃತದಲ್ಲಿ ರಚಿಸಿದ ಗಣಿತಸಾರಸಂಗ್ರಹ ಎಂಬ ಗ್ರಂಥವೇ ಅವರ ಜೀವನ. ಅದರ ಆರಂಭದಲ್ಲಿ ಜಿನನಿಗೆ ವಂದನೆ ಇದೆ, ಅಮೋಘವರ್ಷನ ಪ್ರಶಂಸೆ ಇದೆ. ಆಮೇಲೆ ಗಣಿತ ಎಲ್ಲೆಲ್ಲಿ ಬೇಕು ಎಂದು ಪಟ್ಟಿ ಕೊಡುತ್ತಾರೆ. ವ್ಯಾಪಾರ, ಸಂಗೀತ, ನಾಟಕ, ವೈದ್ಯ, ಕಟ್ಟಡ, ಛಂದಸ್ಸು, ವ್ಯಾಕರಣ, ಅಡುಗೆಯ ವಿದ್ಯೆಯನ್ನೂ ಬಿಟ್ಟಿಲ್ಲ. ವ್ಯಾಕರಣದ ಮೇಷ್ಟ್ರಾದ ನನಗೆ ಇದನ್ನು ಓದಿ ಸ್ವಲ್ಪ ಸಮಾಧಾನವಾಯಿತು ಎಂದು ಒಪ್ಪಿಕೊಳ್ಳುತ್ತೇನೆ.

ಅವರಿಗಿಂತ ಮೊದಲು ಆರ್ಯಭಟ, ಬ್ರಹ್ಮಗುಪ್ತರಂಥವರು ಗಣಿತವನ್ನು ಜ್ಯೋತಿಷ ಗ್ರಂಥದ ಒಂದು ಅಧ್ಯಾಯವಾಗಿ ಬರೆದಿದ್ದರು. ಮಹಾವೀರಾಚಾರ್ಯರು ಗ್ರಹ ನಕ್ಷತ್ರಗಳನ್ನು ಬದಿಗಿಟ್ಟು ಗಣಿತಕ್ಕೇ ಒಂದು ಪೂರ್ಣ ಪುಸ್ತಕ ಕೊಟ್ಟರು. ಪರಿಭಾಷೆ, ಗುಣಾಕಾರ ಭಾಗಾಕಾರ, ಭಿನ್ನರಾಶಿ, ತ್ರೈರಾಶಿಕ, ಬಡ್ಡಿ ಮತ್ತು ಮಿಶ್ರ ಲೆಕ್ಕ, ಕ್ಷೇತ್ರಗಣಿತ, ಗುಂಡಿ ತೋಡುವ ಲೆಕ್ಕ, ನೆರಳಿನ ಲೆಕ್ಕ ಎಂದು ಒಂಬತ್ತು ಅಧ್ಯಾಯ, 1,100ಕ್ಕೂ ಹೆಚ್ಚು ಪದ್ಯ. ಇದು ಪಂಡಿತರಿಗಾಗಿ ಬರೆದ ಗ್ರಂಥ ಎನ್ನುವುದಕ್ಕಿಂತ ಶಾಲಾ ಪಠ್ಯಪುಸ್ತಕ ಎನ್ನುವುದೇ ಸರಿ. ಮಕ್ಕಳನ್ನು ಹಿಡಿದು ಕೂರಿಸುವ ಕಲೆ ಇವರಿಗೆ ಗೊತ್ತಿತ್ತು. ಗುಣಾಕಾರ ಕಲಿಸುವಾಗ ಹಾರದ ಹಾಗೆ ಎರಡೂ ಕಡೆಯಿಂದ ಒಂದೇ ರೀತಿ ಓದಿಸಿಕೊಳ್ಳುವ ಉತ್ತರಗಳನ್ನೇ ಆರಿಸಿಕೊಂಡಿದ್ದಾರೆ. 139ನ್ನು 109ರಿಂದ ಗುಣಿಸಿ, 15151 ಬರುತ್ತದೆ. 152207ನ್ನು 73ರಿಂದ ಗುಣಿಸಿದರೆ ಎಂಟು ಒಂದುಗಳು ಸಾಲಾಗಿ ನಿಲ್ಲುತ್ತವೆ. ತಾವೇ ಮಾಡಿ ನೋಡಿ.

ಈಗ ನನ್ನನ್ನು ಹಿಡಿದ ಶಬ್ದಕ್ಕೆ ಬರುತ್ತೇನೆ. ಭಿನ್ನರಾಶಿಯ ಅಧ್ಯಾಯದಲ್ಲಿ ನಿರುದ್ಧ ಎಂಬ ಪದ ಬರುತ್ತದೆ. ಆರನೇ ಒಂದು, ಹತ್ತನೇ ಒಂದು, ಹದಿನೈದನೇ ಒಂದು ಇವನ್ನು ಕೂಡಿಸಬೇಕೆಂದಿಟ್ಟುಕೊಳ್ಳಿ. ಹಿಂದಿನವರ ರೂಢಿಯಂತೆ ಛೇದಗಳನ್ನೆಲ್ಲ ಒಂದಕ್ಕೊಂದು ಗುಣಿಸಿದರೆ 900 ಆಗುತ್ತದೆ. ಆಗ 150, 90, 60 ಕೂಡಿಸಿ 300 ಬಂತು, ಅದನ್ನು 900ರಿಂದ ಮತ್ತೆ ಸಂಕ್ಷೇಪಿಸಬೇಕು. ಮಹಾವೀರಾಚಾರ್ಯರ ದಾರಿ ಬೇರೆ. ಛೇದಗಳಲ್ಲಿ ಸಮಾನವಾಗಿರುವ ಅಪವರ್ತನಗಳನ್ನು ಒಂದೊಂದಾಗಿ ಹೊರತೆಗೆಯಿರಿ, ಆ ಅಪವರ್ತನಗಳನ್ನೂ ಕೊನೆಗೆ ಉಳಿದ ಭಾಗಲಬ್ಧಗಳನ್ನೂ ಗುಣಿಸಿರಿ, ಬಂದದ್ದೇ ನಿರುದ್ಧ. ಇಲ್ಲಿ ಎರಡು, ಮೂರು, ಐದು ಗುಣಿಸಿ 30. ಪಾಲುಗಳು 5, 3, 2, ಒಟ್ಟು 10. ಅಂದರೆ ಮೂರನೇ ಒಂದು. ನಮ್ಮ ಮಕ್ಕಳು ಇಂದು ಸ್ಲೇಟಿನ ಮೇಲೆ ಗೆರೆ ಎಳೆದು ಎಡಗಡೆ ಎರಡು, ಮೂರು ಎಂದು ಬರೆದು ಮಾಡುವುದು ಇದನ್ನೇ.

ನಿರುದ್ಧ ಎಂದರೆ ತಡೆಹಿಡಿದದ್ದು. ಎಲ್ಲ ಛೇದಗಳನ್ನೂ ತನ್ನೊಳಗೆ ಹಿಡಿದಿಟ್ಟುಕೊಂಡ, ಅದಕ್ಕಿಂತ ಚಿಕ್ಕದಾಗಲಾರದ ಸಂಖ್ಯೆ ಎಂದು ನಾನು ಅರ್ಥ ಮಾಡಿಕೊಂಡಿದ್ದೇನೆ. ಲ.ಸಾ.ಅ. ಎಂಬ ಮೂರು ಚುಕ್ಕೆಯ ಹೆಸರಿಗಿಂತ ಈ ಒಂದು ಪದ ಮಕ್ಕಳಿಗೆ ಬೇಗ ಹತ್ತಿರವಾಗುತ್ತದೆ ಎಂಬುದು ನನ್ನ ಅನಿಸಿಕೆ. ಅಭಿಮಾನದಿಂದ ಜಗತ್ತಿನಲ್ಲೇ ಇವರು ಮೊದಲಿಗರು ಎಂದು ಬರೆಯಲಾರೆ. ಗ್ರೀಸಿನ ಯೂಕ್ಲಿಡ್ ಕ್ರಿ.ಪೂ. 300ರ ಸುಮಾರಿಗೇ ಈ ಸಂಖ್ಯೆಯ ಬಗ್ಗೆ ಬರೆದಿದ್ದಾರೆ. ಆದರೆ ಭಿನ್ನರಾಶಿಯ ಕೆಲಸವನ್ನು ಕಡಿಮೆ ಮಾಡಲು ಇದನ್ನು ಬಳಸಬೇಕೆಂದು ಹೇಳಿದ ಭಾರತೀಯ ಗಣಿತಜ್ಞರಲ್ಲಿ ಮಹಾವೀರಾಚಾರ್ಯರೇ ಮೊದಲಿಗರು ಎಂದು ಗಣಿತದ ಇತಿಹಾಸ ಬರೆದ ವಿಭೂತಿಭೂಷಣ ದತ್ತ ಮತ್ತು ಅವಧೇಶ ನಾರಾಯಣ ಸಿಂಗ್ ನಿರ್ಣಯಿಸಿದ್ದಾರೆ. ಅಷ್ಟು ಸಾಕು.

ನಮ್ಮ ಹಿರಿಯರಲ್ಲಿ ಹರಿಹರದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯಲ್ಲಿ ದುಡಿದವರು ಅನೇಕರಿದ್ದಾರೆ. ಕಾರ್ಖಾನೆ ಮುಚ್ಚಿಹೋಗಿದೆ, ಆದರೆ ಲೇತ್ ಮುಂದೆ ನಿಂತವರಿಗೆ ನಿರುದ್ಧವನ್ನು ಕಣ್ಣಾರೆ ತೋರಿಸಬಹುದು. 24 ಹಲ್ಲಿನ ಗೇರು 36 ಹಲ್ಲಿನ ಗೇರನ್ನು ತಿರುಗಿಸುತ್ತಿದೆ. ಎದುರುಬದುರಾದ ಎರಡು ಹಲ್ಲುಗಳಿಗೆ ಸೀಮೆಸುಣ್ಣದ ಗುರುತು ಹಾಕಿ. ಆ ಗುರುತುಗಳು ಮತ್ತೆ ಎದುರಾಗುವುದು 72 ಹಲ್ಲುಗಳು ಸರಿದ ಮೇಲೆ, ಚಿಕ್ಕದು ಮೂರು ಸುತ್ತು, ದೊಡ್ಡದು ಎರಡು ಸುತ್ತು ಮುಗಿಸಿದಾಗ. 24 ಮತ್ತು 36ರ ನಿರುದ್ಧ 72.

ಇನ್ನು ಮದ್ರಸಾದ ಕಡೆ ನೋಡೋಣ. ಇಲ್ಮ್-ಎ-ಫರಾಯಿಜ್ ಕಲಿಯುವವರಿಗೆ ಎರಡು ಸಂಖ್ಯೆಗಳ ನಡುವಿನ ನಾಲ್ಕು ಸಂಬಂಧಗಳನ್ನು ಹೇಳಿಕೊಡುತ್ತಾರೆ. ಎರಡೂ ಒಂದೇ ಆಗಿದ್ದರೆ ತಮಾಸುಲ್. 3 ಮತ್ತು 6ರಂತೆ ಒಂದು ಇನ್ನೊಂದನ್ನು ನಿಶ್ಶೇಷವಾಗಿ ಭಾಗಿಸಿದರೆ ತದಾಖುಲ್. 6 ಮತ್ತು 8ರಂತೆ ಒಂದು ಇನ್ನೊಂದನ್ನು ಭಾಗಿಸದೆ, ಎರಡನ್ನೂ ಭಾಗಿಸುವ ಮೂರನೆಯದೊಂದು ಇದ್ದರೆ ತವಾಫುಕ್. 3 ಮತ್ತು 8ರಂತೆ ಒಂದರ ಹೊರತು ಬೇರಾವ ಸಮಾನ ಭಾಜಕವೂ ಇಲ್ಲದಿದ್ದರೆ ತಬಾಯುನ್. ತವಾಫುಕ್ ಇದ್ದಾಗ ಒಂದನ್ನು ಸಮಾನ ಭಾಜಕಗಳಲ್ಲಿ ಅತಿ ದೊಡ್ಡದರಿಂದ ಭಾಗಿಸಿ ಇನ್ನೊಂದರಿಂದ ಗುಣಿಸಬೇಕು. 8ರ ಅರ್ಧ 4, ಅದನ್ನು 6ರಿಂದ ಗುಣಿಸಿದರೆ 24. ಶಾಲೆಯಲ್ಲಿ ಎರಡು ಸಂಖ್ಯೆಗಳ ಗುಣಲಬ್ಧವನ್ನು ಮ.ಸಾ.ಅ.ದಿಂದ ಭಾಗಿಸಿದರೆ ಲ.ಸಾ.ಅ. ಎಂದು ಕಲಿಸುವುದೂ ಇದೇ. ಮ.ಸಾ.ಅ. ಎಂದರೆ ಮಹತ್ತಮ ಸಾಮಾನ್ಯ ಅಪವರ್ತನ, ಉರ್ದುವಿನ ಆದ್-ಎ-ಆಜಮ್. ಹೀಗೆ ಮದ್ರಸಾದಲ್ಲಿ ಒಂದು, ಉರ್ದು ಪಠ್ಯದಲ್ಲಿ ಒಂದು, ಕನ್ನಡ ಪಠ್ಯದಲ್ಲಿ ಇನ್ನೊಂದು ಹೆಸರು. ನಮ್ಮ ಹುಡುಗ ಒಂದು ಕಡೆ ಪಂಡಿತ, ಇನ್ನೊಂದು ಕಡೆ ಫೇಲು. ಎಸ್.ಎಸ್.ಎಲ್.ಸಿ. ಮುಗಿಸಿ ಗಣಿತಕ್ಕೆ ಹೆದರಿ ವಿಜ್ಞಾನದ ಕಡೆ ತಲೆ ಹಾಕದ ಮಕ್ಕಳನ್ನು ಪ್ರತಿ ವರ್ಷ ನೋಡುತ್ತಿದ್ದೇನೆ. ಇದರಲ್ಲಿ ಮಕ್ಕಳಿಗಿಂತ ನಮ್ಮ, ಅಂದರೆ ಕಲಿಸುವವರ ಪಾಲು ಹೆಚ್ಚು.

ವಿದ್ಯಾರ್ಥಿ ಮಿತ್ರರೇ, ಈ ನಿರುದ್ಧ ಎಷ್ಟು ದೂರ ನಡೆದು ಹೋಯಿತು ಎಂಬುದನ್ನು ಕೇಳಿ. ಒಂದು ಹಾಳೆಯಲ್ಲಿ 24ರ ಭಾಜಕಗಳನ್ನೆಲ್ಲ ಬರೆಯಿರಿ. ತೀರಾ ಕೆಳಗೆ 1. ಅದರ ಮೇಲೆ 2 ಮತ್ತು 3. ಅದರ ಮೇಲೆ 4 ಮತ್ತು 6. ಆಮೇಲೆ 8 ಮತ್ತು 12. ತುದಿಯಲ್ಲಿ 24. ಕೆಳಗಿನ ಸಾಲಿನ ಸಂಖ್ಯೆ ಅದರ ಮೇಲಿನ ಸಾಲಿನ ಸಂಖ್ಯೆಯನ್ನು ಭಾಗಿಸಿದರೆ ನಡುವೆ ಗೆರೆ ಎಳೆಯಿರಿ. ಹತ್ತು ಗೆರೆಗಳಾಗುತ್ತವೆ, ನೋಡಲು ಹಳೆಯ ಕಟ್ಟಡಗಳ ಜಾಲಂದ್ರದ ಹಾಗಿರುತ್ತದೆ. ಇಲ್ಲಿ 8 ದೊಡ್ಡದು, 6 ಚಿಕ್ಕದು ಎನ್ನುವಂತಿಲ್ಲ. ಈ ಚಿತ್ರದಲ್ಲಿ ಮೇಲೆ ಕೆಳಗೆ ಎಂಬುದು ಭಾಗಿಸುವುದರಿಂದ ಮಾತ್ರ ಬರುತ್ತದೆ. 6 ಎಂಬುದು 8ನ್ನು ಭಾಗಿಸುವುದಿಲ್ಲ, 8 ಕೂಡ 6ನ್ನು ಭಾಗಿಸುವುದಿಲ್ಲ. ಆದರೂ ಎರಡರಿಂದಲೂ ಗೆರೆ ಹಿಡಿದು ಮೇಲೆ ಹತ್ತುತ್ತಾ ಹೋದರೆ ಮೊದಲು ಕೂಡುವ ಜಾಗ 24, ಕೆಳಗಿಳಿದರೆ ಮೊದಲು ಸೇರುವ ಜಾಗ 2. ಮೇಲಿನದು ಲ.ಸಾ.ಅ., ಕೆಳಗಿನದು ಮ.ಸಾ.ಅ. ಮೇಲೆ ಕೂಡುವ ಬಿಂದುವನ್ನು ಇಂದಿನ ಗಣಿತದಲ್ಲಿ ಜಾಯಿನ್ ಎನ್ನುತ್ತಾರೆ, ಕೆಳಗೆ ಸೇರುವ ಬಿಂದುವನ್ನು ಮೀಟ್ ಎನ್ನುತ್ತಾರೆ. ಯಾವ ಎರಡನ್ನು ಆರಿಸಿದರೂ ಈ ಎರಡು ಬಿಂದುಗಳು ಸಿಗುವಂಥ ವ್ಯವಸ್ಥೆಗೆ ಲ್ಯಾಟಿಸ್, ಅಂದರೆ ಜಾಲಕ ಎಂದು ಹೆಸರು.

ಜರ್ಮನಿಯ ರಿಚರ್ಡ್ ಡೆಡೆಕಿಂಡ್ ಎಂಬ ಗಣಿತಜ್ಞರು 1897ರಲ್ಲಿ ಈ ವಿಷಯದ ಲೇಖನ ಬರೆದಾಗ ಹೊರಟದ್ದು ನಮ್ಮ ಹತ್ತನೇ ತರಗತಿಯ ಮ.ಸಾ.ಅ.ದಿಂದಲೇ. ಅಮೆರಿಕದ ಗ್ಯಾರೆಟ್ ಬರ್ಕಾಫ್ 1940ರಲ್ಲಿ ಇದರ ಮೇಲೆ ಇಡೀ ಪುಸ್ತಕ ಪ್ರಕಟಿಸಿದರು. ಕಂಪ್ಯೂಟರಿನ ಒಳಗಿನ ಹೌದು–ಅಲ್ಲ ಲೆಕ್ಕದ ಬೂಲಿಯನ್ ಬೀಜಗಣಿತವೂ ಒಂದು ಬಗೆಯ ಜಾಲಕವೇ.

ಆಶ್ಚರ್ಯವೆಂದರೆ ಆ ಬಗೆಯ ಜಾಲಕವನ್ನು ಎಣಿಸುವ ದಾರಿಯೂ ಮಹಾವೀರಾಚಾರ್ಯರಲ್ಲಿದೆ. ಒಗರು, ಕಹಿ, ಹುಳಿ, ಖಾರ, ಉಪ್ಪು, ಸಿಹಿ ಎಂಬ ಆರು ರುಚಿಗಳನ್ನು ಬೇರೆ ಬೇರೆ ರೀತಿ ಬೆರೆಸಿದರೆ ಎಷ್ಟು ಬಗೆ ಎಂಬ ಲೆಕ್ಕವನ್ನು ಅವರು ಕೊಟ್ಟಿದ್ದಾರೆ. ಒಂದೊಂದೇ ಆದರೆ 6. ಎರಡೆರಡಾದರೆ ಆರನ್ನು ಐದರಿಂದ ಗುಣಿಸಿ ಎರಡರಿಂದ ಭಾಗಿಸಿ 15. ಹೀಗೆಯೇ ಮೂರು ರುಚಿಗೆ 20, ನಾಲ್ಕಕ್ಕೆ 15, ಐದಕ್ಕೆ 6, ಎಲ್ಲ ಸೇರಿದರೆ 1. ಒಟ್ಟು 63. ಆರು ರುಚಿ ಹೆಚ್ಚಾಯಿತು ಎನ್ನುವವರು ನಮ್ಮ ದಾವಣಗೆರೆಯ ಮಂಡಕ್ಕಿ ಅಂಗಡಿಗೆ ಬನ್ನಿ. ಉಪ್ಪು, ಖಾರ, ಹುಳಿ ಮೂರೇ ಇರಲಿ. ಏಳು ಬಗೆ ಆಗುತ್ತದೆ, ಏನೂ ಬೆರೆಸದ ಬರಿ ಮಂಡಕ್ಕಿ ಸೇರಿಸಿದರೆ ಎಂಟು. ಒಬ್ಬರು ಉಪ್ಪು ಖಾರದ್ದು ಕೇಳಿದರು, ಇನ್ನೊಬ್ಬರು ಖಾರ ಹುಳಿಯದ್ದು ಕೇಳಿದರು. ಇಬ್ಬರಲ್ಲೂ ಇರುವುದು ಖಾರ, ಅದು ಕೆಳಗಿನ ಬಿಂದು. ಇಬ್ಬರದ್ದೂ ಅಡಗುವುದು ಮೂರೂ ಬೆರೆತ ಮಂಡಕ್ಕಿಯಲ್ಲಿ, ಅದು ಮೇಲಿನ ಬಿಂದು. ಜಾಲಕ ಎಂಬ ಹೆಸರು ಮಹಾವೀರಾಚಾರ್ಯರಿಗೆ ಗೊತ್ತಿರಲಿಲ್ಲ, ಅಂಥ ಚಿತ್ರವನ್ನೂ ಅವರು ಬರೆಯಲಿಲ್ಲ. ಅದರ ಮೆಟ್ಟಿಲುಗಳ ಎಣಿಕೆ ಮಾತ್ರ ಅವರ ಕೈಯಲ್ಲಿತ್ತು.

ಇವರಲ್ಲಿ ತಪ್ಪುಗಳೂ ಇವೆ, ಅವನ್ನು ಮುಚ್ಚಿಡಬಾರದು. ಒಂದು ಸಂಖ್ಯೆಯನ್ನು ಸೊನ್ನೆಯಿಂದ ಭಾಗಿಸಿದರೆ ಅದು ಬದಲಾಗದೆ ಉಳಿಯುತ್ತದೆ ಎಂದು ಬರೆದರು, ಇದು ಸರಿಯಲ್ಲ. ಅಂಡಾಕಾರದ ಕ್ಷೇತ್ರದ ಬಗ್ಗೆ ಬರೆದ ಧೈರ್ಯ ಮೆಚ್ಚಬೇಕು, ಆದರೆ ಅದರ ವಿಸ್ತೀರ್ಣಕ್ಕೆ ಕೊಟ್ಟ ಸೂತ್ರ ನಿಲ್ಲುವುದಿಲ್ಲ. ಋಣ ಸಂಖ್ಯೆ ಯಾವುದರ ವರ್ಗವೂ ಅಲ್ಲ, ಆದ್ದರಿಂದ ಅದಕ್ಕೆ ವರ್ಗಮೂಲವಿಲ್ಲ ಎಂದು ಗುರುತಿಸಿದ್ದು ಮಾತ್ರ ಆ ಕಾಲಕ್ಕೆ ದೊಡ್ಡ ಮಾತು.

ಗ್ರಂಥದ ಗತಿ ಏನಾಯಿತು? ದಕ್ಷಿಣದಲ್ಲಿ ಅದು ಬಹುಕಾಲ ಪಠ್ಯವಾಗಿ ಬಳಕೆಯಲ್ಲಿತ್ತು. 11ನೇ ಶತಮಾನದಲ್ಲಿ ಪಾವುಲೂರಿ ಮಲ್ಲನ ಅದನ್ನು ತೆಲುಗಿಗೆ ತಂದರು. 12ನೇ ಶತಮಾನದಲ್ಲಿ ರಾಜಾದಿತ್ಯ ಕನ್ನಡದಲ್ಲೇ ಗಣಿತ ಗ್ರಂಥಗಳನ್ನು ಬರೆದರು. ಆಮೇಲೆ ಗಣಿತಸಾರಸಂಗ್ರಹ ಓಲೆಗರಿಗಳಲ್ಲೇ ಉಳಿದುಬಿಟ್ಟಿತು. ಮದ್ರಾಸಿನ ಪ್ರಾಧ್ಯಾಪಕ ಎಂ. ರಂಗಾಚಾರ್ಯರು ಹಸ್ತಪ್ರತಿಗಳನ್ನು ಕೂಡಿಸಿ, ಇಂಗ್ಲಿಷ್ ಅನುವಾದದೊಂದಿಗೆ 1912ರಲ್ಲಿ ಅಚ್ಚು ಹಾಕಿಸಿದ ಮೇಲೆ ಲೋಕಕ್ಕೆ ಮತ್ತೆ ಪರಿಚಯವಾಯಿತು. ಕನ್ನಡಿಗರ ಕೈಗೆ ಕನ್ನಡ ಅನುವಾದದೊಂದಿಗೆ ಅದನ್ನು ಕೊಟ್ಟವರು ಮೈಸೂರು ವಿಶ್ವವಿದ್ಯಾನಿಲಯದ ಪ್ರಾಧ್ಯಾಪಕಿ ಪದ್ಮಾವತಮ್ಮನವರು. 2000ದಲ್ಲಿ ಹೊಂಬುಜದಿಂದ ಆ ಪುಸ್ತಕ ಹೊರಬಂತು. ಮಳಖೇಡದ ರಾಜನ ಆಶ್ರಯದಲ್ಲಿ ಹುಟ್ಟಿದ ಪುಸ್ತಕ ಹೀಗೆ ಅಚ್ಚಾದ ಕನ್ನಡ ಅನುವಾದವಾಗಿ ನಮ್ಮ ಕೈಗೆ ಬರಲು 1,150 ವರ್ಷ ಹಿಡಿಯಿತು. ನಮ್ಮ ಶಾಲೆ ಕಾಲೇಜುಗಳ ಗ್ರಂಥಾಲಯಗಳಿಗೆ ಪುಸ್ತಕ ಆರಿಸುವ ಹಿರಿಯರು ಇದನ್ನೂ ಪಟ್ಟಿಗೆ ಸೇರಿಸಬೇಕೆಂದು ಈ ಮೂಲಕ ವಿನಂತಿ.

ಆ ಹುಡುಗನ ವಿಷಯ ಕೇಳುವಿರೇನೋ. ಮರುದಿನ 24ರ ಜಾಲಂದ್ರವನ್ನು ಬೋರ್ಡಿನ ಮೇಲೆ ಅವನ ಕೈಯಲ್ಲೇ ಬರೆಸಿದೆ. 8ರ ಪಕ್ಕ ಬೀವಿ ಎಂದೂ, 6ರ ಪಕ್ಕ ಮಾ ಎಂದೂ ಉರ್ದುವಿನಲ್ಲಿ ಬರೆದು, ಎರಡರಿಂದ ಗೆರೆ ಹಿಡಿದು ಮೇಲೆ ಹೋಗಿ 24ರ ಸುತ್ತ ಒಂದು ವೃತ್ತ ಹಾಕಿದ. ಆಮೇಲೆ ಕೆಳಗಿಳಿದು 2ರ ಪಕ್ಕ ತವಾಫುಕ್ ಎಂದು ಬರೆದ. ಅದನ್ನು ನಾನು ಹೇಳಿಕೊಟ್ಟಿರಲಿಲ್ಲ. ಅದೇ ವಾರ ಅವನು 60ರ ಚಿತ್ರ ಬರೆದು ತಂದ. ಅದರಲ್ಲಿ 12 ಭಾಜಕಗಳಿವೆ, 12ರಿಂದ ಮತ್ತು 20ರಿಂದ ಮೇಲೆ ಹತ್ತಿದರೆ ಎಲ್ಲಿ ಕೂಡುತ್ತೀರಿ, ಕೆಳಗಿಳಿದರೆ ಎಲ್ಲಿ ಸೇರುತ್ತೀರಿ ಎಂಬುದನ್ನು ತಾವೂ ಒಂದು ಹಾಳೆ ತೆಗೆದುಕೊಂಡು ನೋಡಿ.